ಮುಖದ ಮೇಲಿನ ಎರಡನೇ ಹೊಲಿಗೆ

1686ರಲ್ಲಿ ಔರಂಗಜೇಬನ ದಂಡು ಬಿಜಾಪುರವನ್ನು ಮುತ್ತಿ ಕೂತಿತ್ತು. ಕುದುರೆಗಳಿಗೆ ಹುಲ್ಲು ತರಲೆಂದು ಪಾಳೆಯದಿಂದ ಆಚೆ ಹೋದವರು ಬಿಜಾಪುರದವರ ಕೈಗೆ ಸಿಕ್ಕರೆ ಪ್ರಾಣ ಉಳಿಯುತ್ತಿತ್ತು, ಮೂಗು ಉಳಿಯುತ್ತಿರಲಿಲ್ಲ. ರಕ್ತ ಸುರಿಸುತ್ತ ಹಿಂತಿರುಗಿದ ಇವರಿಗೆ ನಾಡಿನ ಶಸ್ತ್ರವೈದ್ಯರು ಹಣೆಯ ಚರ್ಮವನ್ನು ಕೆಳಗಿಳಿಸಿ ಹೊಸ ಮೂಗು ಕಟ್ಟುತ್ತಿದ್ದರು. ಇದನ್ನು ಬರೆದಿಟ್ಟವನು ವೆನಿಸ್ಸಿನ ನಿಕೊಲಾವ್ ಮನೂಚಿ. ದೆಹಲಿಯಲ್ಲಿ ದಾರಾ ಶಿಕೋನ ಸೇವೆಗೆ ಸೇರಿ, ಮುಂದೆ ವೈದ್ಯನಾಗಿ ಬದುಕಿದವನು. ಆ ಮೂಗುಗಳು ಪರಿಪೂರ್ಣವಾಗಿರಲಿಲ್ಲ ಎಂಬುದನ್ನೂ ಅವನು ಮುಚ್ಚಿಡಲಿಲ್ಲ.

ಇಂದು ದಕ್ಷಿಣ ದೆಹಲಿ, ಗುರುಗ್ರಾಮ, ನೋಯ್ಡಾಗಳ ಕ್ಲಿನಿಕ್ಕುಗಳಲ್ಲಿ ಹಿಂದೆ ಮಾಡಿಸಿದ ಫೇಸ್‌ಲಿಫ್ಟ್ ಸಡಿಲವಾಗಿಯೋ ಕೆಟ್ಟೋ ಹೋಗಿದೆಯೆಂದು ಮತ್ತೊಮ್ಮೆ ಕತ್ತರಿಗೆ ಮುಖವೊಡ್ಡಲು ಯೋಚಿಸುವವರ ಕಥೆ ಈ ಅಪೂರ್ಣತೆಯ ಅರಿವಿನಿಂದಲೇ ಶುರುವಾಗಬೇಕು. ಈ ವಿದ್ಯೆಯಲ್ಲಿ ಎರಡನೇ ಸಲದ ಕೆಲಸ ಹೊಸದಲ್ಲ.

ಅದಕ್ಕೆ ಅಚ್ಚಾದ ಸಾಕ್ಷಿಯೇ ಇದೆ. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ವರ್ಷದ ಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬಾತ ಅವನಿಗೆ ಮೂಗು ಕಟ್ಟಿಕೊಟ್ಟ. ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ 1794ರ ಅಕ್ಟೋಬರಿನಲ್ಲಿ ಈ ವಿವರವನ್ನು ಚಿತ್ರಸಮೇತ ಪ್ರಕಟಿಸಿತು. ಮೇಣದ ಅಚ್ಚು, ಹಣೆಯ ಮೇಲೆ ಅದರ ಅಳತೆ, ಹುಬ್ಬುಗಳ ನಡುವೆ ಕೊಂಚ ಚರ್ಮವನ್ನು ಕತ್ತರಿಸದೆ ಉಳಿಸಿ ಅದರ ಮೂಲಕ ರಕ್ತ ಹರಿಯಗೊಡುವುದು, ಎಲ್ಲವೂ ಅದರಲ್ಲಿದೆ. ಸುಮಾರು ಇಪ್ಪತ್ತೈದನೆಯ ದಿನ ಆ ಸೇತುವೆಯನ್ನು ಕತ್ತರಿಸಿ, ಹೊಸ ಮೂಗು ಅಂದವಾಗಿ ಕಾಣಲು ಇನ್ನೊಂದಿಷ್ಟು ಕೊಯ್ಯಬೇಕಾಗುತ್ತಿತ್ತೆಂದೂ ಆ ಬರಹ ಹೇಳುತ್ತದೆ. ತಿದ್ದುವ ಕೆಲಸ ಮೊದಲ ಕೆಲಸದ ಒಳಗೇ ಇತ್ತು. ಕಟ್ಟಿದ ಕೈಯೇ ತಿದ್ದುತ್ತಿತ್ತು, ಅದೂ ತಿಂಗಳೊಪ್ಪತ್ತಿನಲ್ಲಿ. ಏನನ್ನು ಎಲ್ಲಿ ಕೊಯ್ದಿದ್ದೆ ಎಂದು ಅವನಿಗೆ ಯಾರೂ ಬರೆದು ಕೊಡಬೇಕಿರಲಿಲ್ಲ. ಪತ್ರಿಕೆಯ ಆ ಬರಹವನ್ನೋದಿದ ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅದೇ ವಿಧಾನವನ್ನು ಪ್ರಯೋಗಿಸಿದ.

ಫೇಸ್‌ಲಿಫ್ಟ್ ಹುಟ್ಟಿದ್ದು ಬೇರೆ ಲೋಕದಲ್ಲಿ, ಬೇರೆ ಹಂಬಲದಿಂದ. ಬರ್ಲಿನ್ನಿನ ಯೂಜೆನ್ ಹೊಲೆಂಡರ್ 1901ರಲ್ಲಿ ಪೋಲೆಂಡಿನ ಸಿರಿವಂತ ಮಹಿಳೆಯೊಬ್ಬಳ ಒತ್ತಾಯಕ್ಕೆ ಮಣಿದು ಕಿವಿಯ ಬಳಿಯ ಚರ್ಮದ ತುಂಡು ತೆಗೆದು ಹೊಲಿದದ್ದನ್ನೇ ಅದರ ಆದಿ ಎನ್ನುವುದುಂಟು. ಹತ್ತು ಹನ್ನೊಂದು ವರ್ಷಗಳಲ್ಲೇ ಮರುಕೆಲಸದ ಪ್ರಸಂಗವೂ ಬಂತು. ಫ್ರಾನ್ಸಿನ ನಟಿ ಸಾರಾ ಬರ್ನಾರ್ ಅಮೆರಿಕದಲ್ಲಿ ಮುಖ ಬಿಗಿಸಿಕೊಂಡು 1912ರ ಹೊತ್ತಿಗೆ ಪ್ಯಾರಿಸ್ಸಿಗೆ ಮರಳಿದಳು. ಹಣೆಯ ಭಾಗ ನಯವಾಗಿದ್ದರೂ ಕೆಳಮುಖ ಹಾಗೆಯೇ ಇತ್ತು. ಅದನ್ನು ತಿದ್ದಿದವಳು ಸುಜಾನ್ ನೊಯೆಲ್ ಎಂದು ಚರಿತ್ರೆಕಾರರು ದಾಖಲಿಸಿದ್ದಾರೆ. ದುಡಿದು ತಿನ್ನುವ ಹೆಂಗಸರು ವಯಸ್ಸಿನ ಕಾರಣಕ್ಕೆ ಕೆಲಸ ಕಳೆದುಕೊಳ್ಳಬಾರದೆಂದು ನಂಬಿದ್ದ ಈ ವೈದ್ಯೆ 1926ರಲ್ಲಿ ಸೌಂದರ್ಯ ಶಸ್ತ್ರಚಿಕಿತ್ಸೆಯ ಸಾಮಾಜಿಕ ಪಾತ್ರದ ಬಗ್ಗೆ ಪುಸ್ತಕವನ್ನೇ ಬರೆದಳು. ಮುಖ ತಿದ್ದಿಸಿಕೊಳ್ಳುವವರನ್ನು ಹಗುರವಾಗಿ ಕಾಣುವವರು ಅವಳನ್ನು ನೆನೆಯಬೇಕು.

ಆ ಕಾಲದ ಬಿಗಿತವೆಲ್ಲ ಚರ್ಮದ್ದೇ. ಚರ್ಮವೋ ಎಳೆದಷ್ಟೂ ಹಿಗ್ಗುವಂಥದು. ಬಿಗಿತ ಹೊಲಿಗೆಯ ಮೇಲೆ ಬಿದ್ದಾಗ ಕಲೆ ಅಗಲವಾಗುತ್ತದೆ, ಕಿವಿಹಾಲೆ ಕೆಳಕ್ಕೆ ಜಗ್ಗಿ ಕೆನ್ನೆಗೆ ಅಂಟಿಕೊಳ್ಳುತ್ತದೆ, ಕಿವಿಯ ಮುಂದಿನ ಕೂದಲ ಅಂಚು ಹಿಂದೆ ಸರಿಯುತ್ತದೆ. ಸ್ವೀಡನ್ನಿನ ಟೋರ್ಡ್ ಸ್ಕೂಗ್ 1974ರಲ್ಲಿ ಚರ್ಮದ ಕೆಳಗಿನ ಪದರವನ್ನೂ ಜತೆಗೆತ್ತುವ ದಾರಿ ತೋರಿದರು. 1976ರಲ್ಲಿ ಪ್ಯಾರಿಸ್ಸಿನ ಮಿಟ್ಸ್ ಮತ್ತು ಪೆರೋನಿ ಆ ಸ್ನಾಯುಪೊರೆಯನ್ನು ವಿವರವಾಗಿ ಗುರುತಿಸಿದರು. ಸರ್ಜನ್ನರು ಅದನ್ನು ‘ಸ್ಮ್ಯಾಸ್’ ಎನ್ನುತ್ತಾರೆ. 1990ರಲ್ಲಿ ಅಮೆರಿಕದ ಸ್ಯಾಮ್ ಹಮ್ರಾ ಇನ್ನೂ ಆಳದ ಪದರಕ್ಕಿಳಿಯುವ ‘ಡೀಪ್ ಪ್ಲೇನ್’ ವಿಧಾನವನ್ನು ಮುಂದಿಟ್ಟರು. ಹೀಗಾಗಿ ಇಂದು ಮರುಶಸ್ತ್ರಚಿಕಿತ್ಸೆಗೆ ಬರುವ ಮುಖ ಈ ಮೂರರಲ್ಲಿ ಯಾವ ಕಾಲದ ಕೆಲಸವನ್ನು ಹೊತ್ತಿದೆ ಎಂಬುದು ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ.

ದೆಹಲಿಗೆ ಪ್ಲಾಸ್ಟಿಕ್ ಸರ್ಜರಿ ಸೌಂದರ್ಯದ ಬಾಗಿಲಿನಿಂದ ಬರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳಿಗೆಂದು ಎದ್ದ ಸಫ್ದರ್‌ಜಂಗ್ ಆಸ್ಪತ್ರೆ ಮುಂದೆ ಸುಟ್ಟಗಾಯದವರ ದೊಡ್ಡ ಆಸರೆಯಾಯಿತು. ಸುಟ್ಟ ಮುಖಕ್ಕೆ ಒಂದೇ ಶಸ್ತ್ರಕ್ರಿಯೆ ಎಂಬುದಿಲ್ಲ. 2005ರಲ್ಲಿ ದೆಹಲಿಯಲ್ಲಿ ಆಸಿಡ್ ದಾಳಿಗೆ ತುತ್ತಾದ ಲಕ್ಷ್ಮಿ ಅಗರ್ವಾಲ್ ಹಲವು ಶಸ್ತ್ರಚಿಕಿತ್ಸೆಗಳನ್ನು ಹಾದುಬಂದರು. ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2013ರಲ್ಲಿ ಆಸಿಡ್ ಮಾರಾಟಕ್ಕೆ ಕಡಿವಾಣ ಹಾಕಿತು. 2015ರಲ್ಲಿ ಮುಖ ಮರುರೂಪಿಸುವ ಶಸ್ತ್ರಚಿಕಿತ್ಸೆಯೂ ಸೇರಿ ಪೂರ್ಣ ಚಿಕಿತ್ಸೆಯನ್ನು ಖಾಸಗಿ ಆಸ್ಪತ್ರೆಗಳೂ ಉಚಿತವಾಗಿ ಕೊಡಬೇಕೆಂದಿತು.

ಇದೇ ನಗರದಲ್ಲಿ ಕೂತು ಸರ್ಕಾರ ಅಂದಕ್ಕೂ ದುರಸ್ತಿಗೂ ನಡುವೆ ಗೆರೆ ಎಳೆಯಿತು. 2009ರಲ್ಲಿ ಸೌಂದರ್ಯ ಶಸ್ತ್ರಚಿಕಿತ್ಸೆಯನ್ನು ಸೇವಾ ತೆರಿಗೆಗೆ ಸೇರಿಸಿ, ಹುಟ್ಟಿನ ಊನ, ಗಾಯಗಳನ್ನು ಸರಿಪಡಿಸುವುದನ್ನು ಹೊರಗಿಟ್ಟಿತು. ಜಿಎಸ್‌ಟಿಯಲ್ಲೂ ಆ ಗೆರೆ ಉಳಿದಿದೆ. ಮೊದಲ ಫೇಸ್‌ಲಿಫ್ಟ್ ಜಗ್ಗಿಬಿಟ್ಟ ಕಿವಿಹಾಲೆಯನ್ನು ಮತ್ತೆ ಸ್ವಸ್ಥಾನಕ್ಕೆ ತರುವುದು ಅಂದವೋ ದುರಸ್ತಿಯೋ? ಕನ್ನಡಿಯ ಮುಂದೆ ನಿಂತವರಿಗೆ ಅದು ದುರಸ್ತಿಯೇ.

ಆ ದುರಸ್ತಿ ಮೊದಲ ಸಲದಷ್ಟು ಸುಲಭವಲ್ಲ. ತೆಗೆಯಲು ಹೆಚ್ಚುವರಿ ಚರ್ಮ ಉಳಿದಿರುವುದು ಕಡಿಮೆ. ಪದರಗಳು ಕಲೆಗಟ್ಟಿ ಒಂದಕ್ಕೊಂದು ಹತ್ತಿಕೊಂಡಿರುತ್ತವೆ. ಹುಬ್ಬೆತ್ತುವ, ತುಟಿ ಆಡಿಸುವ ನರದ ಎಳೆಗಳು ಆ ಕಲೆಯ ನಡುವೆಯೇ ಹಾದಿರಬಹುದು. ಕಂದು ಮೈಬಣ್ಣದವರಲ್ಲಿ ಕಲೆ ಉಬ್ಬುವ, ಕಪ್ಪಾಗುವ ಭಯ ಬೇರೆ. ಒಂದು ಅನುಕೂಲವೂ ಇದೆ: ಒಮ್ಮೆ ಎತ್ತಿ ಕೂಡಿಸಿದ ಚರ್ಮದಲ್ಲಿ ರಕ್ತಸಂಚಾರ ಹೊಸ ದಾರಿಗಳನ್ನು ಕಂಡುಕೊಂಡಿರುತ್ತದೆ, ಆದ್ದರಿಂದ ಎರಡನೇ ಸಲ ಅದು ಸಾಯುವ ಅಪಾಯ ತಗ್ಗಬಹುದು. ಧೂಮಪಾನಿಗಳಿಗೆ ಈ ಲಾಭವನ್ನು ನೆಚ್ಚಿಕೊಳ್ಳುವಂತಿಲ್ಲ. ಆತುರದ ತಿದ್ದುಪಡಿಯನ್ನು ಒಳ್ಳೆಯ ಸರ್ಜನ್ನರು ಒಪ್ಪುವುದಿಲ್ಲ. ಕಲೆ ಪಕ್ವವಾಗಲು ಆರು ತಿಂಗಳಿಂದ ವರ್ಷದವರೆಗೆ ಕಾಯಿಸುತ್ತಾರೆ.

ಮುಪ್ಪಿನಿಂದ ಸಡಿಲವಾದ ಮುಖಕ್ಕಾದರೆ ಮರುಚಿಕಿತ್ಸೆಯ ಮಾತು ಬರುವುದೇ ಏಳು, ಹತ್ತು ವರ್ಷಗಳ ಮೇಲೆ. ಅಷ್ಟರಲ್ಲಿ ಮೊದಲ ಸರ್ಜನ್ ನಿವೃತ್ತರಾಗಿರಬಹುದು, ಕ್ಲಿನಿಕ್ಕು ಗುರುಗ್ರಾಮದಿಂದ ನೋಯ್ಡಾಕ್ಕೆ ಹೋಗಿರಬಹುದು, ಇಲ್ಲವೇ ಮುಚ್ಚಿರಬಹುದು. ಕಾವಸ್‌ಜಿಯ ವೈದ್ಯನ ತಲೆಯಲ್ಲಿದ್ದ ನೆನಪಿನ ಜಾಗದಲ್ಲಿ ಈಗಿರುವುದು ಆಪರೇಷನ್ ನೋಟ್ ಎಂಬ ಒಂದೆರಡು ಹಾಳೆ: ಯಾವ ಪದರಕ್ಕಿಳಿದರು, ಗೆರೆ ಎಲ್ಲಿ ಹಾಕಿದರು, ಎಷ್ಟು ಚರ್ಮ ತೆಗೆದರು, ಕೊಬ್ಬು ತುಂಬಿದರೇ, ಕರಗದ ದಾರ ಒಳಗುಳಿದಿದೆಯೇ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಒಳರೋಗಿಗಳ ದಾಖಲೆಯನ್ನು ವೈದ್ಯರು ಇಟ್ಟುಕೊಳ್ಳಬೇಕೆನ್ನುವುದು ಚಿಕಿತ್ಸೆ ಶುರುವಾದಂದಿನಿಂದ 3 ವರ್ಷ ಮಾತ್ರ. ಎರಡನೇ ಸರ್ಜನ್ನರಿಗೆ ಆ ಹಾಳೆ ಬೇಕಾಗುವ ಹೊತ್ತಿಗೆ ಅದನ್ನು ಇಟ್ಟಿರಬೇಕೆಂಬ ಕಟ್ಟುಪಾಡೇ ಮುಗಿದಿರುತ್ತದೆ. ಮುಖದಂಥ ಅಂಗಕ್ಕೆ ಈ ಅವಧಿ ತೀರಾ ಕಡಿಮೆ, ಇದನ್ನು ಹೆಚ್ಚಿಸಲೇಬೇಕು. ಅಲ್ಲಿಯವರೆಗೆ ಉಳಿದಿರುವ ದಾರಿ ಅದೇ ನಿಯಮಾವಳಿಯ ಇನ್ನೊಂದು ಅಂಶ: ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆಯ ಪ್ರತಿ ಕೊಡಬೇಕು. ಡಿಸ್‌ಚಾರ್ಜ್ ಸಮ್ಮರಿ ಸಾಲದು. ಮೊದಲ ಹೊಲಿಗೆ ಬಿಚ್ಚಿಸಿಕೊಳ್ಳಲು ಹೋದ ದಿನವೇ ಆಪರೇಷನ್ ನೋಟಿನ ಪ್ರತಿಯನ್ನೂ, ಮುಂಚಿನ ಫೋಟೋಗಳನ್ನೂ ಬರಹದಲ್ಲಿ ಕೇಳಿ ಪಡೆಯಬೇಕು.