ಸುಡೊ: ಒಂದು ಒಡೆದ ಬದುವಿನ ಇತಿಹಾಸ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ತಂತ್ರಾಂಶದ ವೃತ್ತಿಯಲ್ಲಿದ್ದಾರೆ. ಅವರಿಗೆ ಈ ಸಂಗತಿ ತಿಳಿದದ್ದೇ ಇರಬಹುದು. ಬಂಧುಗಳಿಗೆ ಹೊಸದಾದುದರಿಂದ ತುಸು ವಿವರವಾಗಿ ಬರೆಯುತ್ತಿದ್ದೇನೆ.

ಲಿನಕ್ಸ್ ಗಣಕಗಳಲ್ಲಿ 'ಸುಡೊ' ಎಂಬ ಪುಟ್ಟ ತಂತ್ರಾಂಶವೊಂದಿದೆ. ಕನ್ನಡದ ಕಿವಿಗೆ 'ಸುಡು' ಎಂದು ಕೇಳಿಸಿದರೂ ಅದರ ಕೆಲಸ ಕಾಯುವುದು. ಸಾಮಾನ್ಯ ಬಳಕೆದಾರನಿಗೆ ಯಜಮಾನನ ಅಧಿಕಾರವನ್ನು ಯಾವ ಕೆಲಸಕ್ಕೆ, ಎಷ್ಟರಮಟ್ಟಿಗೆ ಕೊಡಬೇಕೆಂದು ತೀರ್ಮಾನಿಸುವ ದ್ವಾರಪಾಲಕ ಅದು. 1980ರ ಸುಮಾರಿಗೆ ಅಮೆರಿಕದ ಬಫಲೋ ವಿಶ್ವವಿದ್ಯಾನಿಲಯದಲ್ಲಿ ಬಾಬ್ ಕಾಗ್ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಇದನ್ನು ಮೊದಲು ಬರೆದರು. ಮುಂದೆ ಟಾಡ್ ಮಿಲ್ಲರ್ ಎಂಬವರು ಮೂವತ್ತು ವರ್ಷಗಳಿಗೂ ಮಿಕ್ಕಿ ಇದನ್ನು ಪೋಷಿಸಿದರು. ಇದರ ಮೂಲ ಬರಹ ಬಹಿರಂಗ; ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಉಚಿತವಾಗಿ ಬಳಸಬಹುದು.

ನಮ್ಮ ಭಾಷೆಯ ಮಕ್ಕಳಿಗೂ ಇದು ದೂರದ ವಸ್ತುವಲ್ಲ. ಕೇರಳ ಸರ್ಕಾರವು 2001ರಲ್ಲಿ ಆರಂಭಿಸಿದ 'ಐಟಿ ಅಟ್ ಸ್ಕೂಲ್' ಯೋಜನೆ ಮುಂದೆ ಮುಕ್ತ ತಂತ್ರಾಂಶವನ್ನೇ ಆರಿಸಿಕೊಂಡಿತು. ಹೀಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳೂ ಉಬುಂಟು ಆಧಾರಿತ ಲಿನಕ್ಸ್‌ನಲ್ಲಿಯೇ ಗಣಕಪಾಠ ಕಲಿತರು. ಆ ಉಬುಂಟುವಿನೊಳಗೆ ಸುಡೊ ಇತ್ತು.

2011ರ ಜುಲೈಯಲ್ಲಿ ಒಂದು ತಿದ್ದುಪಡಿಯ ಜೊತೆಗೆ ದೋಷವೊಂದೂ ಇದರೊಳಗೆ ಸೇರಿತು. ಹಂಪಾಪುರದ ಗದ್ದೆಬಯಲನ್ನು ಕಂಡವರಿಗೆ ಅದನ್ನು ತಿಳಿಸುವುದು ಸುಲಭ. ಗಣಕದ ಸ್ಮೃತಿಯೆಂದರೆ ಬದುಗಳಿಂದ ಬೇರ್ಪಟ್ಟ ಮಡಿಗಳ ಸಾಲು. ಬರುವ ನೀರಿನ ಅಳತೆಗೆ ತಕ್ಕಂತೆ ಮಡಿ ಕಟ್ಟಿ, ಅಳತೆ ಮುಗಿದೊಡನೆ ತೂಬು ಮುಚ್ಚಬೇಕು. ಸಿ ಭಾಷೆಯಲ್ಲಿ ಅಕ್ಷರಮಾಲೆಯ ಕೊನೆಗೆ ಪೂರ್ಣವಿರಾಮದಂತೆ ಸೊನ್ನೆಯೊಂದು ನಿಂತಿರುತ್ತದೆ; ಅದೇ ತೂಬು ಮುಚ್ಚುವ ಸಂಕೇತ. ಆದರೆ ಸುಡೊವನ್ನು 'ಸುಡೊಎಡಿಟ್' ಎಂಬ ಅದರ ಇನ್ನೊಂದು ಹೆಸರಿನಿಂದ, ಒಂದು ನಿರ್ದಿಷ್ಟ ಬಗೆಯಲ್ಲಿ ಕರೆದು, ಹಿಮ್ಮುಖ ಓರೆಗೆರೆಯಿಂದ ಮುಗಿಯುವ ಮಾತನ್ನು ಕೊಟ್ಟರೆ, ಆ ಗೆರೆಯ ಮುಂದಿದ್ದ ಸೊನ್ನೆಯನ್ನೂ ಅಕ್ಷರವೆಂದೇ ಎತ್ತಿಕೊಂಡು ಅದು ಮುಂದೆ ಸಾಗುತ್ತಿತ್ತು. ಆಚೆಗಿದ್ದುದೆಲ್ಲ ಹರಿದುಬಂದು ಬದು ಮೀರಿ ಪಕ್ಕದ ಮಡಿಗೆ ನುಗ್ಗುತ್ತಿತ್ತು. ಇದನ್ನು ಬಳಸಿಕೊಂಡು, ಆ ಗಣಕದಲ್ಲಿ ಯಾವ ಅಧಿಕಾರವೂ ಇಲ್ಲದ ಬಳಕೆದಾರನು ಗುಪ್ತಪದವಿಲ್ಲದೆಯೇ ಯಜಮಾನನಾಗಬಹುದಿತ್ತು.

ಸುಮಾರು ಒಂಬತ್ತೂವರೆ ವರ್ಷ ಈ ದೋಷ ಎಲ್ಲರ ಕಣ್ಣೆದುರಿಗೇ ಇತ್ತು. ಕೊನೆಗೆ ಕ್ವಾಲಿಸ್ ಸಂಸ್ಥೆಯ ಸಂಶೋಧಕರು ಅದನ್ನು ಕಂಡುಹಿಡಿದು, ಮೊದಲು ಪೋಷಕರಿಗೆ ತಿಳಿಸಿದರು. 2021ರ ಜನವರಿ 26ರಂದು ತಿದ್ದಿದ ಆವೃತ್ತಿಯೊಡನೆಯೇ ವಿಷಯ ಪ್ರಕಟವಾಯಿತು.

ಬರಹ ಬಹಿರಂಗವಾಗಿದ್ದರೆ ನೂರಾರು ಕಣ್ಣುಗಳು ಅದನ್ನು ಕಾಯುತ್ತವೆ ಎಂಬ ನಂಬಿಕೆ ಮುಕ್ತ ತಂತ್ರಾಂಶದವರಲ್ಲಿ ಬಹುಕಾಲದಿಂದ ಇದೆ. ಆದರೆ ಗ್ರಂಥಾಲಯದ ಬೀರುವಿಗೆ ಬೀಗವಿಲ್ಲವೆಂದ ಮಾತ್ರಕ್ಕೆ ಪುಸ್ತಕಗಳನ್ನು ಎಲ್ಲರೂ ಓದಿದ್ದಾರೆಂದು ಅರ್ಥವೇ? ಹಾಗೆಂದು ಬೀಗ ಹಾಕುವುದೂ ಪರಿಹಾರವಲ್ಲ. ಮೂಲ ಬರಹ ತೆರೆದಿದ್ದುದರಿಂದಲೇ ಹೊರಗಿನವರು ಅದನ್ನು ಸಾಲುಸಾಲಾಗಿ ಪರೀಕ್ಷಿಸಲು ಸಾಧ್ಯವಾಯಿತು.

2025ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು ಆವೃತ್ತಿಯಲ್ಲಿ, ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆದ ಸುಡೊ ಸ್ಥಾನ ಪಡೆಯಿತು. ಆ ಭಾಷೆ ಇಂಥ ಬದುಗಳನ್ನು ಬಹುಮಟ್ಟಿಗೆ ತಾನೇ ಕಾಯುತ್ತದೆ. ಆದರೆ ತರ್ಕದ ತಪ್ಪನ್ನು ಹಿಡಿಯಲು ಓದುವ ಮನುಷ್ಯನೇ ಬೇಕು.

ಊರ ಕೆರೆಯ ಹೂಳೆತ್ತಲು ಹಿಂದೆ ಮನೆಗೊಂದು ಆಳು ಹೋಗುವ ಪದ್ಧತಿಯಿತ್ತು. ನೀರು ಎಲ್ಲರಿಗೂ ಬೇಕು. ಒಬ್ಬ ನೀರುಗಂಟಿಯ ಮೇಲೆ ಎಲ್ಲ ಹೊರೆಯನ್ನೂ ಹೊರಿಸಿದರೆ ಕೆರೆ ಉಳಿಯದೆಂಬುದನ್ನು ನಮ್ಮ ಹಿರಿಯರು ಬಲ್ಲರು. ತಂತ್ರಾಂಶದಿಂದಲೇ ಅನ್ನ ಕಾಣುತ್ತಿರುವ ನನ್ನ ವಿದ್ಯಾರ್ಥಿಗಳು, ತಾವು ದಿನವೂ ಬಳಸುವ ಇಂಥ ಒಂದಾದರೂ ಸಾರ್ವಜನಿಕ ಬರಹವನ್ನು ಬಿಡುವಿನಲ್ಲಿ ಕುಳಿತು ಓದಲಿ ಎಂಬುದು ನನ್ನ ಕೋರಿಕೆ.