ಕೊರೆತದಿಂದ ಅಂಟಿಗೆ

1908ರಲ್ಲಿ ಪ್ರಕಟವಾದ ಎರಡು ಸಂಪುಟಗಳ ಗ್ರಂಥದಲ್ಲಿ ಶಿಕಾಗೊದ ದಂತವೈದ್ಯ ಗ್ರೀನ್ ವಾರ್ಡಿಮನ್ ಬ್ಲ್ಯಾಕ್ ಹುಳುಕು ಹಲ್ಲಿನ ಚಿಕಿತ್ಸೆಗೆ ಕಟ್ಟುನಿಟ್ಟಾದ ಕ್ರಮವೊಂದನ್ನು ಹಾಕಿಕೊಟ್ಟರು. ಹುಳುಕು ಹಿಡಿದಷ್ಟನ್ನು ತೆಗೆದರೆ ಸಾಲದು. ಮುಂದೆ ಹಿಡಿಯಬಹುದಾದ ಅಕ್ಕಪಕ್ಕದ ಸಂದುಗಳನ್ನೂ ಈಗಲೇ ಕೊರೆದು, ಫಿಲ್ಲಿಂಗ್‌ನ ಅಂಚನ್ನು ಸುಲಭವಾಗಿ ಶುಚಿಯಾಗುವ ಜಾಗಕ್ಕೆ ತರಬೇಕು ಎಂಬುದು ಆ ಕ್ರಮದ ತಿರುಳು. ಹಲವು ತಲೆಮಾರುಗಳ ದಂತವೈದ್ಯರು ಇದನ್ನೇ ಕಲಿತರು. ಗಟ್ಟಿಯಾದ ಹಲ್ಲನ್ನೂ ಕೊರೆಯುವ ಈ ಪದ್ಧತಿ ಇಂದು ಅನ್ಯಾಯವೆನಿಸಬಹುದು. ಆದರೆ ಬ್ಲ್ಯಾಕ್ ಅವರನ್ನು ದೂರಿದರೆ ಇತಿಹಾಸ ಅರ್ಥವಾಗುವುದಿಲ್ಲ. ಹಲ್ಲಿನಲ್ಲಿ ಎಷ್ಟು ದೊಡ್ಡ ಕುಳಿ ತೋಡಬೇಕೆಂಬುದನ್ನು ಆ ಕಾಲದಲ್ಲಿ ತೀರ್ಮಾನಿಸುತ್ತಿದ್ದುದು ರೋಗಕ್ಕಿಂತ ಹೆಚ್ಚಾಗಿ ಕುಳಿಗೆ ತುಂಬುವ ವಸ್ತು. ಬೆಳ್ಳಿ ಮತ್ತು ಪಾದರಸ ಸೇರಿದ ಅಮಾಲ್ಗಮ್ ಹಲ್ಲಿಗೆ ಅಂಟುವುದಿಲ್ಲ. ತೆಳ್ಳಗಿದ್ದರೆ ಬಿರುಕು ಬಿಡುತ್ತದೆ. ಅದು ನಿಲ್ಲಬೇಕಾದರೆ ಆಳವಾದ, ಸಮತಟ್ಟಾದ ತಳದ, ಬಾಯಿಗಿಂತ ಒಳಗೆ ಅಗಲವಾದ ಕುಳಿ ಬೇಕು. ಫ್ಲೋರೈಡ್ ಪೇಸ್ಟ್ ಇಲ್ಲದ ಕಾಲದಲ್ಲಿ ಚಿಕ್ಕ ಫಿಲ್ಲಿಂಗ್‌ನ ಅಂಚಿನಲ್ಲೇ ಮತ್ತೆ ಹುಳುಕು ಹಿಡಿಯುತ್ತಿತ್ತು ಎಂಬುದನ್ನೂ ಮರೆಯಬಾರದು.

ಹಲ್ಲನ್ನು ಉಳಿಸಬೇಕೆಂಬ ವಿವೇಕ ಹಿಂದೆ ಇರಲಿಲ್ಲವೆಂದೂ ಅಲ್ಲ. ಬಣ್ಣಗೆಟ್ಟ ಡೆಂಟಿನ್‌ನ ಒಂದು ಪದರವನ್ನು ಬಿಟ್ಟರೂ ಚಿಂತೆಯಿಲ್ಲ, ಅದನ್ನು ಕೆರೆಯಲು ಹೋಗಿ ಹಲ್ಲನ್ನೇ ಕಳೆದುಕೊಳ್ಳಬಾರದು ಎಂದು ಇಂಗ್ಲೆಂಡಿನ ಜಾನ್ ಟೋಮ್ಸ್ 1859ರಲ್ಲೇ ಹೇಳಿದ್ದರು. ಮೆತ್ತಗಾದದ್ದನ್ನು ಬಿಡುವುದಕ್ಕಿಂತ ನರದ ಕೋಣೆ ತೆರೆದುಕೊಂಡರೂ ಸರಿ ಎಂದು ಬ್ಲ್ಯಾಕ್ ಅದಕ್ಕೆ ತದ್ವಿರುದ್ಧ ನಿಲುವು ತಳೆದರು. ಗೆದ್ದದ್ದು ಬ್ಲ್ಯಾಕ್. ಟೋಮ್ಸ್ ಅವರ ಮಾತನ್ನು ನೆಚ್ಚಿ ನಡೆಯಲು ಬೇಕಾದ, ಕುಳಿಯನ್ನು ಬಿಗಿಯಾಗಿ ಮುಚ್ಚಬಲ್ಲ ವಸ್ತು ಆಗ ಯಾರ ಕೈಯಲ್ಲೂ ಇರಲಿಲ್ಲ.

ಆ ವಸ್ತು ಬಂದದ್ದು ಇಪ್ಪತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ. ಲೋಹಕ್ಕೆ ಬಣ್ಣ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲ ಬಳಸುವುದನ್ನು ಗಮನಿಸಿದ್ದ ರೋಚೆಸ್ಟರ್‌ನ ಮೈಕೆಲ್ ಬ್ಯುನೊಕೋರ್, ಅದೇ ಆಮ್ಲ ಸವರಿದ ಎನಾಮಲ್‌ಗೆ ರಾಳ ಗಟ್ಟಿಯಾಗಿ ಅಂಟುತ್ತದೆಂದು 1955ರಲ್ಲಿ ತೋರಿಸಿದರು. ಎರಡು ವರ್ಷಗಳ ನಂತರ, 1957ರಲ್ಲಿ, ನಿಮಿಷಕ್ಕೆ ಲಕ್ಷಗಟ್ಟಲೆ ಸುತ್ತು ತಿರುಗುವ ಗಾಳಿಯ ಡ್ರಿಲ್ ಮಾರುಕಟ್ಟೆಗೆ ಬಂತು. ಕೊರೆಯುವುದು ಅತ್ಯಂತ ಸುಲಭವಾದ ಹೊತ್ತಿನಲ್ಲೇ ಕೊರೆಯದಿರುವ ದಾರಿಯೂ ತೆರೆದಿತ್ತು. ಬಹುತೇಕರು ವೇಗದ ಕಡೆಗೆ ನಡೆದರು. 1970ರ ದಶಕದ ಆರಂಭದಲ್ಲಿ ಲಂಡನ್ನಿನ ಸರ್ಕಾರಿ ಪ್ರಯೋಗಾಲಯದಲ್ಲಿ ಆಲನ್ ವಿಲ್ಸನ್ ಮತ್ತು ಬ್ರಯನ್ ಕೆಂಟ್ ಗಾಜಿನ ಪುಡಿಗೆ ಆಮ್ಲ ಬೆರೆಸಿ ಗ್ಲಾಸ್ ಅಯಾನೊಮರ್ ಸಿಮೆಂಟನ್ನು ರೂಪಿಸಿದರು. ಅದು ಹಲ್ಲಿಗೆ ತಾನಾಗಿಯೇ ಅಂಟುತ್ತದೆ, ಫ್ಲೋರೈಡನ್ನೂ ನಿಧಾನವಾಗಿ ಬಿಡುತ್ತದೆ.

ಇಂಥ ಅಂಟುವ ಸಿಮೆಂಟ್‌ಗಳ ಬೆಲೆಯನ್ನು ಮನಗಾಣಿಸಿದ್ದು ಟಾಂಜಾನಿಯಾ. 1980ರ ದಶಕದ ಮಧ್ಯದಲ್ಲಿ ಅಲ್ಲಿನ ಹಳ್ಳಿಗಳಲ್ಲಿ ಹಲ್ಲುನೋವಿಗೆ ಇದ್ದ ಮದ್ದು ಹಲ್ಲು ಕೀಳುವುದೊಂದೇ. ವಿದ್ಯುತ್ತಿಲ್ಲದ ಕಡೆ ಡ್ರಿಲ್ ಇಟ್ಟುಕೊಂಡು ಏನು ಮಾಡುವುದು? ದಾರ್-ಎಸ್-ಸಲಾಮ್‌ನಲ್ಲಿದ್ದ ಡಚ್ ದಂತವೈದ್ಯ ಯೋ ಫ್ರೆಂಕನ್ ಮತ್ತು ಸಂಗಡಿಗರು ಕೈ ಉಪಕರಣದಿಂದಲೇ ಮೆತ್ತಗಾದ ಭಾಗವನ್ನು ಕೆರೆದು ಸಿಮೆಂಟ್ ತುಂಬತೊಡಗಿದರು. ಮುಂದೆ ಥಾಯ್ಲೆಂಡ್ ಮತ್ತು ಜಿಂಬಾಬ್ವೆಯಲ್ಲಿ ಗ್ಲಾಸ್ ಅಯಾನೊಮರ್ ಬಳಸಿ ಇದನ್ನು ಒರೆಗೆ ಹಚ್ಚಲಾಯಿತು. 1994ರ ವಿಶ್ವ ಆರೋಗ್ಯ ದಿನದಂದು ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಬೆಂಬಲ ಸಾರಿತು. ಶಾಲೆಯ ಮೇಜಿನ ಮೇಲೆ ಮಲಗಿಸಿ, ಸಾಮಾನ್ಯವಾಗಿ ಇಂಜೆಕ್ಷನ್ ಇಲ್ಲದೆಯೇ ಮಗುವಿನ ಹಲ್ಲು ಉಳಿಸಬಹುದೆಂಬುದು ನನ್ನ ದೃಷ್ಟಿಯಲ್ಲಿ ದಂತವೈದ್ಯದ ದೊಡ್ಡ ಸಾಧನೆಗಳಲ್ಲೊಂದು.

ಒಳಗೆ ಹುಳುಕು ಬಿಟ್ಟು ಮೇಲೆ ಮುಚ್ಚಿದರೆ ರೋಗ ಬೆಳೆಯುವುದಿಲ್ಲವೇ ಎಂಬ ಆಕ್ಷೇಪ ಸಹಜವೇ. ಅಮೆರಿಕದ ಜಾರ್ಜಿಯಾದಲ್ಲಿ ಮರ್ಟ್ಸ್-ಫೇರ್‌ಹರ್ಸ್ಟ್ ಮತ್ತು ಸಹೋದ್ಯೋಗಿಗಳು ಹುಳುಕನ್ನು ಉದ್ದೇಶಪೂರ್ವಕವಾಗಿ ಉಳಿಸಿ, ಮೇಲೆ ಬಿಗಿಯಾಗಿ ಮುಚ್ಚಿ ಹತ್ತು ವರ್ಷ ಕಾದು ನೋಡಿದರು. ಮುಚ್ಚಳ ಭದ್ರವಾಗಿದ್ದಲ್ಲಿ ಹುಳುಕು ಮುಂದುವರಿಯಲಿಲ್ಲವೆಂಬ ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಬಾಯಿಯ ಸಕ್ಕರೆ ತಲುಪದಿದ್ದರೆ ಬ್ಯಾಕ್ಟೀರಿಯಾ ಹಸಿವಿನಿಂದ ಸೊರಗುತ್ತವೆ.

ಬಡವರಿಗೆ ಕೈಕೆಲಸ, ಉಳ್ಳವರಿಗೆ ಯಂತ್ರ ಎಂಬ ತಾರತಮ್ಯವಿದು ಎನ್ನುವ ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಒಂದೇ ಮೈಗೆ ಸೀಮಿತವಾದ ಕುಳಿಗಳಲ್ಲಿ ಈ ಫಿಲ್ಲಿಂಗ್ ಚೆನ್ನಾಗಿ ಬಾಳುತ್ತದೆ. ಹಾಲುಹಲ್ಲುಗಳ ನಡುವೆ ಹಬ್ಬಿದ ಕುಳಿಗಳಲ್ಲಿ ಬೇಗ ಸೋಲುತ್ತದೆ. ಇದನ್ನು ಮುಚ್ಚಿಡುವುದು ತಪ್ಪು. ಆದರೆ ವಿದ್ಯುತ್ತಿಗೆ ಕೊರತೆಯಿಲ್ಲದ ಸ್ಕಾಟ್ಲೆಂಡಿನಲ್ಲೂ ದಂತವೈದ್ಯೆ ನೋರ್ನಾ ಹಾಲ್ ಮಕ್ಕಳ ಹುಳುಕು ದವಡೆಹಲ್ಲಿಗೆ ಕೊರೆತವಿಲ್ಲದೆ, ಇಂಜೆಕ್ಷನ್ ಇಲ್ಲದೆ ಉಕ್ಕಿನ ಟೊಪ್ಪಿ ಕೂರಿಸುವ ಕ್ರಮವನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದರು. ಆಮೇಲಿನ ಪರೀಕ್ಷೆಗಳಲ್ಲಿ ಅದು ಸಾಮಾನ್ಯ ಫಿಲ್ಲಿಂಗ್‌ಗಿಂತ ಮೇಲೆಂದೇ ಕಂಡಿತು. ಹುಳುಕನ್ನು ತಡೆದು ನಿಲ್ಲಿಸುವ, ಆದರೆ ಆ ಜಾಗವನ್ನು ಶಾಶ್ವತವಾಗಿ ಕಪ್ಪಾಗಿಸುವ ಸಿಲ್ವರ್ ಡೈಅಮೀನ್ ಫ್ಲೋರೈಡ್ ದ್ರಾವಣ ಕೂಡ ಶ್ರೀಮಂತ ಜಪಾನಿನಲ್ಲಿ 1970ರಿಂದ ಬಳಕೆಯಲ್ಲಿದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ದ್ರಾವಣವನ್ನೂ ಗ್ಲಾಸ್ ಅಯಾನೊಮರನ್ನೂ ಫ್ಲೋರೈಡ್ ಪೇಸ್ಟನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಮೂರರಲ್ಲಿ ಯಾವುದಕ್ಕೂ ಡ್ರಿಲ್ ಅನಿವಾರ್ಯವಲ್ಲ.