ಯಾರೂ ನೋಡದ ತಿರುಗಾಟವನ್ನು ಅಳೆದದ್ದು ಹೇಗೆ?

ಆಲೂರಿನ ಮನೆಯಲ್ಲಿ ಪಿಯುಸಿ ಓದುವ ತಮ್ಮ ಕೇಳಿದ: "ಅಣ್ಣಾ, ನ್ಯೂಕ್ಲಿಯಸ್ ತಿರುಗುತ್ತಂತೆ. ನೋಡಿದವರು ಯಾರು?" ಯಾರೂ ನೋಡಿಲ್ಲ. ಆದರೂ ಅದು ಗೊತ್ತಾಗಿರುವ ಸಂಗತಿ. ಪುರಾವೆ ಅಂದರೆ ಏನು ಅಂತ ದಿನಾ ಜಗಳ ಆಡುವ ನಮಗೆಲ್ಲ ಈ ಕಥೆ ಗೊತ್ತಿರಬೇಕು.

ಕಾಳುಮೆಣಸಿನ ಹಾಗೆ ಪೂರ್ತಿ ಗುಂಡಗಿರುವ ನ್ಯೂಕ್ಲಿಯಸ್ಸಿಗೆ, ಕ್ವಾಂಟಂ ಲೆಕ್ಕದಲ್ಲಿ, ಇಡಿಯಾಗಿ ತಿರುಗುವುದು ಅನ್ನೋದೇ ಇಲ್ಲ. ಎಲ್ಲ ಕಡೆಯೂ ಒಂದೇ ಥರ ಇದ್ದರೆ ಏನು ತಿರುಗಿತು ಅಂತ ಹೇಳೋದು? ತಿರುಗಲು ಆಕಾರ ಕೆಟ್ಟಿರಬೇಕು, ಏಲಕ್ಕಿ ಕಾಯಿಯ ಹಾಗೆ ಉದ್ದವಾಗಿರಬೇಕು.

1986ರಲ್ಲಿ ಇಂಗ್ಲೆಂಡಿನ ಡಾರ್ಸ್‌ಬರಿ ಪ್ರಯೋಗಾಲಯದಲ್ಲಿ ಪೀಟರ್ ಟ್ವಿನ್ ಮತ್ತು ಸಂಗಡಿಗರು ಕ್ಯಾಲ್ಸಿಯಂ-48 ಅನ್ನು ಪಲ್ಲಾಡಿಯಂ-108ಕ್ಕೆ ಜೋರಾಗಿ ಹೊಡೆದರು. ಎರಡೂ ಬೆಸೆದು, 4 ನ್ಯೂಟ್ರಾನ್ ಹಾರಿಹೋಗಿ, ಗರಗರ ತಿರುಗುವ ಡಿಸ್ಪ್ರೋಸಿಯಂ-152 ಉಳಿಯಿತು. ಸೆಕೆಂಡಿಗೆ ಎಷ್ಟು ಸುತ್ತು? ಸುಮಾರು 1ರ ಮುಂದೆ 20 ಸೊನ್ನೆ. ಅದು ನಿಧಾನವಾಗುತ್ತಾ ಒಂದೊಂದೇ ಮೆಟ್ಟಿಲು ಇಳಿಯುವಾಗ ಪ್ರತಿ ಸಲವೂ ಒಂದು ಗಾಮಾ ಕಿರಣ ಬಿಡುತ್ತದೆ. ಅವರಿಗೆ ಸಿಕ್ಕಿದ್ದು ಅಂಥ 19 ಕಿರಣಗಳ ಸಾಲು. ಒಂದಕ್ಕೂ ಮುಂದಿನದಕ್ಕೂ ಶಕ್ತಿಯ ಅಂತರ ಸುಮಾರು 47 ಕಿಲೋ ಎಲೆಕ್ಟ್ರಾನ್‌ವೋಲ್ಟ್, ಹೆಚ್ಚುಕಮ್ಮಿ ಸಮ. ಅಂತರ ಬದಲಾಗಿಲ್ಲ ಅಂದರೆ ಆಕಾರವೂ ಬದಲಾಗಿಲ್ಲ. ಅಂತರ ಅಷ್ಟು ಕಡಿಮೆ ಅಂದರೆ ಆಕಾರ ತುಂಬಾ ಉದ್ದ: ಉದ್ದ 2 ಇದ್ದರೆ ಅಗಲ 1.

ಮರುವರ್ಷ ಎರಡನೇ ಸಾಕ್ಷಿ ಬಂತು. ಶಿರಾಡಿ ಘಾಟಿಯಲ್ಲಿ ಬಸ್ ಹತ್ತಿರ ಬರುವಾಗ ಒಂದು ಸ್ವರ, ದಾಟಿಹೋದ ಮೇಲೆ ಇನ್ನೊಂದು ಸ್ವರ ಅಲ್ವಾ? ಚಲಿಸುವ ನ್ಯೂಕ್ಲಿಯಸ್ ಬಿಡುವ ಗಾಮಾ ಕಿರಣವೂ ಹಾಗೇ ಬದಲಾಗುತ್ತದೆ. ಆ ಬದಲಾವಣೆಯಿಂದ ಕಿರಣ ಎಷ್ಟು ಬೇಗ ಹೊರಟಿತು ಅಂತ ಲೆಕ್ಕ ಸಿಗುತ್ತದೆ. ಆಕಾರ ಉದ್ದವಾದಷ್ಟೂ ಕಿರಣ ಬೇಗ ಹೊರಡುತ್ತದೆ.

ಲೆಕ್ಕದ ಮಾದರಿ ಮೊದಲೇ ಇತ್ತು. 1954ರಲ್ಲಿ ಇಂಗ್ಲಿಸ್ ಕೊಟ್ಟ 'ಕ್ರ್ಯಾಂಕಿಂಗ್' ಮಾದರಿ ಜಾತ್ರೆಯ ತೊಟ್ಟಿಲಲ್ಲಿ ಕೂತು, ತಿರುಗುತ್ತಲೇ ಲೆಕ್ಕ ಹಾಕಿದ ಹಾಗೆ. 1967ರಲ್ಲಿ ಸ್ಟ್ರುಟಿನ್ಸ್ಕಿ ತೋರಿಸಿದ್ದು ಇನ್ನೂ ಮುಖ್ಯ: ನ್ಯೂಕ್ಲಿಯಸ್ಸನ್ನು ಬರೀ ದ್ರವದ ಹನಿ ಅಂದುಕೊಂಡರೆ ಸಾಲದು, ಒಳಗಿನ ಕಣಗಳ ಮಟ್ಟಗಳ ನಡುವೆ ದೊಡ್ಡ ಸಂದು ಬಿದ್ದಾಗ 2:1 ಆಕಾರವೂ ಗಟ್ಟಿ ನಿಲ್ಲಬಹುದು. ನ್ಯೂಕ್ಲಿಯಸ್ಸಿನ ಒಳಗು ಹೇಗಿದೆ ಅನ್ನೋದಕ್ಕೆ ಮೊಟ್ಟೆ ನೆನಪಿಸಿಕೊಳ್ಳಿ. ಹಸಿ ಮೊಟ್ಟೆಯೂ ಬೇಯಿಸಿದ ಮೊಟ್ಟೆಯೂ ಒಂದೇ ಥರ ತಿರುಗಲ್ಲ. (ಶಾಲೆಯಲ್ಲಿ ಮೊಟ್ಟೆ ಕೊಡಬೇಕೋ ಬೇಡವೋ ಅಂತ ಜಗಳ ಆಡುವ ರಾಜ್ಯದಲ್ಲಿ ಇದೊಂದು ಪ್ರಯೋಗವನ್ನಾದರೂ ಮಾಡಬಹುದು.) ಡಿಸ್ಪ್ರೋಸಿಯಂ ತಿರುಗಿದ್ದು ಹೆಚ್ಚುಕಮ್ಮಿ ಬೇಯಿಸಿದ ಮೊಟ್ಟೆಯ ಹಾಗೆ.

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ಮಂಜಿನಲ್ಲಿ ಮೈಲಿಗಲ್ಲುಗಳ ನಡುವಿನ ಅಂತರ ಗೊತ್ತು, ಕಲ್ಲಿನ ಮೇಲಿನ ಸಂಖ್ಯೆ ಅಳಿಸಿಹೋಗಿದೆ, ಅಂಥ ಸ್ಥಿತಿ. ಪ್ರತಿ ಮೆಟ್ಟಿಲಿನ ನಿಜವಾದ ತಿರುಗುಬಲ ಎಷ್ಟು? ಉದ್ದ ಆಕಾರದಿಂದ ಮಾಮೂಲಿ ಆಕಾರಕ್ಕೆ ಇಳಿಯುವ ಕೊಂಡಿ-ಕಿರಣ ಸಿಗುವ ತನಕ ಅದು ಅಂದಾಜು ಮಾತ್ರ. ಎಲ್ಲರೂ ಅದನ್ನು ಅಂದಾಜು ಅಂತಲೇ ಬರೆದರು. ನನಗೆ ಅತಿ ಇಷ್ಟವಾದದ್ದು ಇದೇ. ಕೊಂಡಿ ಸಿಕ್ಕಿದ್ದು ಅಮೆರಿಕದ ಗಾಮಾಸ್ಫಿಯರ್ ಉಪಕರಣದಲ್ಲಿ. ಪ್ರಕಟವಾದದ್ದು 2002ರಲ್ಲಿ, 16 ವರ್ಷದ ನಂತರ.

ನಮ್ಮಲ್ಲೂ ಇಂಥ ಕೆಲಸಕ್ಕೆ ಇಂಡಿಯನ್ ನ್ಯಾಷನಲ್ ಗಾಮಾ ಅರೇ ಇದೆ. ಹಲವು ಸಂಸ್ಥೆಗಳು ಸೇರಿ ಕಟ್ಟಿದ್ದು. ಊರಿಗೆಲ್ಲ ಒಂದೇ ಒಕ್ಕಣೆ ಮಷೀನು ಇದ್ದ ಹಾಗೆ ಮುಂಬೈ, ದೆಹಲಿ, ಕೋಲ್ಕತ್ತಾಗಳ ವೇಗವರ್ಧಕಗಳ ನಡುವೆ ಸರದಿಯಂತೆ ಸಾಗುತ್ತದೆ. ಹೀಗೆ ಹಂಚಿಕೊಳ್ಳುವುದು ಒಳ್ಳೆಯದು ಅಂತಲೇ ನನ್ನ ಅಭಿಪ್ರಾಯ. ಆದರೆ ಉತ್ತರಕ್ಕೆ 16 ವರ್ಷ ಬೇಕಾಗುವ ಪ್ರಶ್ನೆಗೆ 5 ವರ್ಷದ ಸರ್ಕಾರ ಹಣ ಕೊಡುತ್ತಾ ಅಂತ ಕೇಳಬೇಕಾದವರು ನಾವು. ಡಾರ್ಸ್‌ಬರಿಯ ಆ ಯಂತ್ರವನ್ನು 1993ರಲ್ಲೇ ಮುಚ್ಚಿದ್ದರು.